ಟವೆಲ್ಲಿನ ಕೆಳಗಿನ ಮಾತು

ಹೋದ ವಾರ ಮೊಮ್ಮಗ ಸಂಕೇಶ್ವರದಿಂದ ನನಗೊಂದು ಹೊಸ ಟವೆಲ್ ತಂದುಕೊಟ್ಟ. ಮಡಿಕೆ ಬಿಚ್ಚಿದ ಕೂಡಲೆ ಗಂಜಿಯ ವಾಸನೆ ಮೂಗಿಗೆ ಬಂತು. ಮುಖ ಒರೆಸಿಕೊಳ್ಳಲೆಂದು ಅವನು ತಂದದ್ದನ್ನು ನಾನು ತೊಡೆಯ ಮೇಲೆ ಹರವಿಕೊಂಡು, ಅದರ ಕೆಳಗೆ ಬಲಗೈ ತೂರಿಸಿ ಸುಮ್ಮನೆ ಕೂತುಬಿಟ್ಟಿದ್ದೆ.

"ಆಯೀ, ಅದರಾಗ ಏನ್ ಹುಡಕಾಕತ್ತಿ?" ಎಂದು ಮೊಮ್ಮಗಳು ನಕ್ಕಳು.

ಏನು ಹುಡುಕುತ್ತಿದ್ದೇನೆಂದು ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ. ತಿಳಿದ ಮೇಲೆ ಹೇಳಲು ನಾಚಿಕೆಯಾಯಿತು. ಎದುರಿಗೆ ಜನ ಕೂತರೆ ನನ್ನ ಬಾಯಿ ಅಂಟಿಕೊಳ್ಳುತ್ತದೆ. ಅವರು ನನ್ನ ಮೊಮ್ಮಕ್ಕಳೇ ಆದರೂ ಅಷ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಹುಕ್ಕೇರಿ ತಾಲೂಕಿನ ದಡ್ಡಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇವು. ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮತ್ತೆ "ದಡ್ಡಿಯಿಂದ ದಡ್ಡೀನ ಬಂದಾಳ" ಎಂದು ಓಣಿಗೆಲ್ಲ ಹೇಳಿ ನಗಿಸುತ್ತಿದ್ದರು. ತಪ್ಪುಗಳಿದ್ದರೆ ಅವರ ಆ ಮಾತನ್ನು ನೆನೆದು ನೀವೂ ನಕ್ಕುಬಿಡಿ.

ನಿಮ್ಮ ಅಜ್ಜ ಕುರಿ ದಲ್ಲಾಳಿ. ನಮ್ಮ ಹಟ್ಟಿಯಲ್ಲಿ ಎಲ್ಲರೂ ಕುರಿ ಕಾಯುವವರು. ಇವರು ಮಾತ್ರ ಕಾಯುವುದರ ಜೊತೆಗೆ ಮೂಡಲಗಿಯ ಸಂತೆಯಲ್ಲಿ ಕೊಡುವವನನ್ನೂ ಕೊಳ್ಳುವವನನ್ನೂ ಒಂದು ಮಾತಿಗೆ ತರುವ ಕೆಲಸ ಮಾಡುತ್ತಿದ್ದರು. ಮಾತಿಗೆ ಎಂದೆ, ಆದರೆ ಅಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಇಬ್ಬರೂ ಬಲಗೈ ಮುಂದೆ ಚಾಚಬೇಕು, ಮೇಲೊಂದು ಟವೆಲ್ ಹಾಕಬೇಕು. ಅದರ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಅದಕ್ಕೂ ಮೇಲೆ ಹೋಗಬೇಕಾದರೆ ಇಡೀ ಕೈ ಹಿಡಿದು, ಬಿಟ್ಟು, ಮತ್ತೆ ಬೆರಳು ಹಿಡಿಯಬೇಕು. ಸುತ್ತ ನಿಂತ ನಾಲ್ಕು ಜನರಿಗೆ ಕಾಣುವುದು ಒದ್ದಾಡುವ ಬಟ್ಟೆ ಮಾತ್ರ. ಒಪ್ಪಿಗೆಯಾದರೆ ಕೈಯನ್ನು ಜೋರಾಗಿ ಒತ್ತಿ ಬಿಡುವುದು. ಹಾಗೆ ಒತ್ತಿ ಬಿಟ್ಟ ಮೇಲೆ ಆಕಾಶ ಬಿದ್ದರೂ ತಿರುಗಿ ಹಿಡಿಯುವಂತಿಲ್ಲ.

ಈ ವಿದ್ಯೆಯನ್ನು ಹೆಂಗಸರಿಗೆ ಯಾರೂ ಕಲಿಸುವುದಿಲ್ಲ. ನನಗೆ ಇವರು ಕಲಿಸಿದ್ದು ಮದುವೆಯಾದ ಹೊಸತರಲ್ಲಿ. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು. ಗಂಡ ಹೆಂಡತಿ ಮುಖ ನೋಡಿ ಮಾತಾಡುವ ಪದ್ಧತಿಯೇ ಇರಲಿಲ್ಲ. ಊಟದ ತಾಟು ಕೊಡುವಾಗ ಇವರು ಟವೆಲ್ಲಿನ ಮರೆಯಲ್ಲಿ ನನ್ನ ಬೆರಳು ಹಿಡಿಯುತ್ತಿದ್ದರು. ಎರಡು ಬೆರಳು ಎಂದರೆ ಇನ್ನೆರಡು ರೊಟ್ಟಿ. ಅತ್ತೆಗೆ ನನ್ನ ಕೈಗುಣದ ಮೇಲೆ ಬಹಳ ಅನುಮಾನವಿತ್ತು. ಮಗ ಬಾಯಿಬಿಟ್ಟು ಕೇಳದಿದ್ದರೂ ಇವಳು ಎರಡು ರೊಟ್ಟಿ ಹೆಚ್ಚಿಗೆ ಹಾಕುತ್ತಾಳಲ್ಲ ಎಂದು.

ಈಗ ಗಾಯರಾಣದ ಮಾತಿಗೆ ಬರುತ್ತೇನೆ. ಹಟ್ಟಿಯ ಹಿಂದೆ ಒಂಬತ್ತು ಎಕರೆ ಸರಕಾರಿ ಹುಲ್ಲುಗಾವಲು ಇತ್ತು. ಅದು ಯಾರದೂ ಅಲ್ಲ, ಹಾಗಾಗಿ ನಮ್ಮೆಲ್ಲರದು. ಈಯಲು ಬಂದ ಕುರಿಗಳನ್ನು ದೂರ ಹೊಡೆದುಕೊಂಡು ಹೋಗಲಾಗುವುದಿಲ್ಲ. ಅವನ್ನೂ ಹಸಿ ಮರಿಗಳನ್ನೂ ಅಲ್ಲೇ ಬಿಡುತ್ತಿದ್ದೆವು. ಮೇಲಿನ ಆರು ಎಕರೆ ಹುಲ್ಲು. ರಸ್ತೆಗೆ ಹತ್ತಿದ ಮೂರು ಎಕರೆಯಲ್ಲಿ ಜಾಲಿ ಮರಗಳು. ಅದೊಂದು ಹೋದರೆ ನಾವು ಕುರಿ ಮಾರಿ ಕಬ್ಬು ಕಡಿಯಲು ಹೋಗಬೇಕು, ಅಷ್ಟು ಸರಳ ಲೆಕ್ಕ.

ಒಂದು ಸಲ ಪಂಚಾಯ್ತಿ ಚುನಾವಣೆಗೆ ನಮ್ಮ ವಾರ್ಡು ಹೆಂಗಸರಿಗೆಂದು ಬಂತು. ಇವರ ಹೆಸರಿನ ಬಲದ ಮೇಲೆ ನಾನು ಪಂಚಾಯ್ತಿ ಮೆಂಬರಾದೆ. ಪ್ರಚಾರಕ್ಕೆ ಹೋದಾಗ ನಾನು ಕೈ ಮುಗಿದು ನಿಲ್ಲುವುದು, ಇವರು ಮಾತಾಡುವುದು. ಒಬ್ಬ ಮುದುಕಪ್ಪ "ನಿನ್ನ ಹೇಂತಿ ಮೂಕಿ ಏನೋ?" ಎಂದು ಕೇಳಿಯೇಬಿಟ್ಟಿದ್ದ.

ಗೆದ್ದವರು ಹನ್ನೊಂದು ಮಂದಿ. ಐದು ಮಂದಿ ಗೌಡರ ಗುಂಪು, ಐದು ಮಂದಿ ಜಿನ್ನಪ್ಪ ಕಾಕಾ ಅವರ ಗುಂಪು, ಉಳಿದವಳು ನಾನು. ಅಧ್ಯಕ್ಷರ ಜಾಗವೂ ಹೆಂಗಸರಿಗೇ ಮೀಸಲಾಗಿತ್ತು. ಗೌಡರು ತಮ್ಮ ಸೊಸೆಯನ್ನು ನಿಲ್ಲಿಸಿದರು. ಜಿನ್ನಪ್ಪ ಕಾಕಾ ತಮ್ಮ ಹೆಂಡತಿ ಸುನಂದಾ ವೈನಿಯನ್ನು ನಿಲ್ಲಿಸಿದರು. ಇಬ್ಬರ ಕಣ್ಣೂ ಗಾಯರಾಣದ ಮೇಲೆ. ಗೌಡರಿಗೆ ಅಲ್ಲಿ ಕಬ್ಬು ತೂಗುವ ಕಾಟಾ ಹಾಕಿಸಬೇಕು, ಜಿನ್ನಪ್ಪ ಕಾಕಾಗೆ ಮಳಿಗೆ ಕಟ್ಟಿಸಬೇಕು. ಪಂಚಾಯ್ತಿಯ ಠರಾವು ಯಾರ ಕೈಗೆ ಬರುತ್ತದೋ ನೆಲ ಅವರದು.

ಗೌಡರ ಕಡೆಯಿಂದ ಗೋಕಾಕದ ಕರದಂಟಿನ ಡಬ್ಬಿ ಬಂತು. ತಿಂದೆವು. ಸುಳ್ಳು ಯಾಕೆ ಹೇಳಲಿ, ಬಹಳ ರುಚಿಯಿತ್ತು. ಮತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡು ತಿಂದೆ.

ಅಧ್ಯಕ್ಷರ ಚುನಾವಣೆಗೆ ನಾಲ್ಕು ದಿನ ಇರುವಾಗ ಜಿನ್ನಪ್ಪ ಕಾಕಾ ತಾವೇ ಮನೆಗೆ ಬಂದರು. ಎದುರಿನ ಕಟ್ಟೆಯ ಮೇಲೆ ಗೌಡರ ಕಡೆಯವನೊಬ್ಬ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದ. ಅವನ ಕಿವಿ ನಮ್ಮ ಅಂಗಳದಲ್ಲೇ ಇತ್ತು. ನಾನು ಚಹಾ ತಂದಾಗ ಇವರಿಬ್ಬರೂ ಹೊರಸಿನ ಮೇಲೆ ಕೂತು ಮಳೆಯ ಮಾತಾಡುತ್ತಿದ್ದರು.

"ಈ ಸಲ ಮಳಿ ಮಾರಿ ತೋರಸಂಗಿಲ್ಲ ಅನಸ್ತೈತಿ," ಎಂದರು ಜಿನ್ನಪ್ಪ ಕಾಕಾ.

"ಬರ್ತೈತಿ ಬಿಡ್ರಿ ಕಾಕಾ. ರೋಹಿಣಿ ಒಂದು ಚಲೋ ಹೊಡದ್ರ ಮುಗೀತು," ಎಂದರು ಇವರು.

"ಹೊಡೀಬೇಕಲ್ಲೋ."

"ಹೊಡೀತೈತ್ರಿ. ಸ್ವಲ್ಪ ನೀವೂ ಮನಸ ಮಾಡ್ರಿ."

ಮಳೆ ಬರಲು ಜಿನ್ನಪ್ಪ ಕಾಕಾ ಯಾಕೆ ಮನಸ್ಸು ಮಾಡಬೇಕು ಎಂದು ನೋಡಿದೆ. ಇಬ್ಬರ ನಡುವೆ ಟವೆಲ್ ಹಾಸಿತ್ತು. ಅದರ ಕೆಳಗೆ ನಾಯಿಮರಿ ಹೊಕ್ಕಂತೆ ಬಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ಒಮ್ಮೆ ಇವರು ಕೈ ಅರ್ಧ ಹೊರಗೆಳೆದರು. ಕಾಕಾ ಬಿಡಲಿಲ್ಲ. ಆಮೇಲೆ ಬಟ್ಟೆ ನಿಶ್ಚಲವಾಯಿತು. "ಆತು," ಎಂದು ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು ಕಾಕಾ ಎದ್ದರು. ನನ್ನ ಕಡೆ ತಿರುಗಿ, "ಚಹಾ ಮಸ್ತ ಮಾಡೀಯವ್ವಾ," ಎಂದರು. ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ, ಕಸಬರಿಗೆ ಹಿಡಿದುಕೊಂಡು ಕೇಳಿದೆ. ಗಂಡನನ್ನು ಏನಾದರೂ ಕೇಳಬೇಕಾದರೆ ನಾನು ಗೋಡೆಯನ್ನೇ ಕೇಳುವುದು ರೂಢಿ.

"ಏನ್ ಮಾತಾತ್ರಿ?"

"ಏನಿಲ್ಲ."

"ಏನಿಲ್ಲದ್ದಕ್ಕ ಟವೆಲ್ ಅಷ್ಟ ಒದ್ದಾಡತೈತೇನ್ರಿ?"

"ಟವೆಲ್ ಕೆಳಗಿನ ಮಾತ ಮೂರನೇದವರಿಗೆ ಹೇಳಂಗಿಲ್ಲ. ಇಷ್ಟ ವರ್ಷ ದಲ್ಲಾಳಿ ಮನ್ಯಾಗ ಅದೀ, ಗೊತ್ತಿಲ್ಲೇನ ನಿನಗ?"

"ಮತ ನಂದಲ್ರಿ? ನಾ ಮೂರನೇದಾಕಿ ಏನ್ರಿ?"

ಇವರು ಕೋಲು ತೆಗೆದುಕೊಂಡು ಕುರಿಗಳ ಕಡೆ ನಡೆದರು. ಗೋಡೆ ಮಾತ್ರ ಉಳಿಯಿತು.

ಆ ಎರಡು ದಿನ ನಾನು ಪಟ್ಟ ಸಂಕಟವನ್ನು ಹೇಗೆ ಬರೆಯಲಿ? ರೊಟ್ಟಿ ಬಡಿಯುವಾಗ, ಮರಿಗಳಿಗೆ ಹಾಲು ಕುಡಿಸುವಾಗ ಒಂದೇ ಪ್ರಶ್ನೆ: ನನ್ನನ್ನು ಎಷ್ಟಕ್ಕೆ ಕೊಟ್ಟರು? ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಅದರ ತಲೆಯ ಮೇಲೆಯೇ ಟವೆಲ್ ಹಾಸುತ್ತಾರೆ. ಕುರಿ ಮಾತ್ರ ಎಲ್ಲೋ ನೋಡುತ್ತ ನಿಂತಿರುತ್ತದೆ. ಅದು ಯಾಕೆ ಹಾಗೆ ನಿಲ್ಲುತ್ತದೆ ಎಂದು ಆಗ ನನಗೆ ತಿಳಿಯಿತು.

ಮೂರನೆಯ ದಿನ ಮಧ್ಯಾಹ್ನ ಇವರು ಊಟ ಮುಗಿಸಿ ಹೊರಸಿನ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿರುವಾಗ ನಾನು ಹಾಗೆ ಕೂತದ್ದು ಅದೇ ಮೊದಲು. ಇವರ ಹೆಗಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದೆ.

"ಬಾಯಿಲೆ ಹೇಳಬ್ಯಾಡ್ರಿ. ಹಿಂಗ ಹೇಳ್ರಿ," ಎಂದೆ.

ಇವರು ಮೊದಲು ತೆರೆದ ಬಾಗಿಲಿನ ಕಡೆ ನೋಡಿದರು. ಆಮೇಲೆ ಮೂರು ಬೆರಳು ಹಿಡಿದು ಗಾಯರಾಣದ ಕಡೆ ಕಣ್ಣು ಹಾಯಿಸಿದರು.

"ಕುರಿಗೆ ಮೂರು ಎಕರೆ?" ಎಂದೆ. "ಒಂಬತ್ತರಾಗ ಮೂರs?"

"ನಾ ಒಂಬತ್ತು ಹಿಡದೆ, ಅಂವ ಒಂದು ಹಿಡದಾ. ಮೂರಕ್ಕ ತರಾಕ ನನ್ನ ಜೀವ ಹೋತು. ಗೌಡ್ರ ಕಡಿ ಹೋದ್ರ ಅದೂ ಇಲ್ಲ. ಸಂತ್ಯಾಗ ಯಾರನ್ನರ ಕೇಳು, ಚಲೋ ವ್ಯವಹಾರ ಅಂತಾರ."

"ಕುರಿ ಮಾರೂಮುಂದ ಕುರೀನ ಕೇಳಂಗಿಲ್ಲ ನೀವು. ನನ್ನೂ ಹಂಗs ಮಾಡಿದ್ರಿ."

ಇವರು ತಲೆ ತಗ್ಗಿಸಿದರು. ಜಗಳದ ದನಿಯಲ್ಲಲ್ಲ, ಹೆದರಿದ ದನಿಯಲ್ಲಿ ಹೇಳಿದರು: "ತಪ್ಪಾತು ಅನ್ನು. ಆದ್ರ ಕೈ ಒತ್ತಿ ಬಿಟ್ಟೇನಿ. ನೀ ಗೌಡ್ರಿಗೆ ಚೀಟಿ ಹಾಕಿದ್ರ ನಾಳಿಂದ ಸಂತ್ಯಾಗ ನನ್ನ ಕೈ ಯಾರೂ ಹಿಡ್ಯಂಗಿಲ್ಲ."

ಅದೂ ಖರೆ. ದಲ್ಲಾಳಿಯ ಬಂಡವಾಳ ಅವನ ಕೈಯೊಂದೇ. ಹೀಗೆ ನಾನು ಎರಡು ಕಡೆಯಿಂದಲೂ ಕಟ್ಟಿಬಿದ್ದೆ. ಮತವನ್ನು ಸುನಂದಾ ವೈನಿಗೇ ಹಾಕಬೇಕು, ಇಲ್ಲವಾದರೆ ನಿಮ್ಮ ಅಜ್ಜನ ಬದುಕು ಹಾಳು. ಮೂರು ಎಕರೆಗೇ ಹಾಕಿದರೆ ಹಟ್ಟಿಯ ಬದುಕು ಹಾಳು.

ಚುನಾವಣೆಯ ದಿನ ಗೋಕಾಕದಿಂದ ಸಾಹೇಬರು ಬಂದರು. ಆಗ ನಮಗೆ ತಾಲೂಕು ಎಂದರೆ ಗೋಕಾಕವೇ, ಮೂಡಲಗಿ ಇನ್ನೂ ತಾಲೂಕು ಆಗಿರಲಿಲ್ಲ. ಪಂಚಾಯ್ತಿ ಕಟ್ಟಡ ಎಂದರೆ ಒಂದೇ ಕೋಣೆ. ಒಳಗೆ ಹನ್ನೊಂದು ಮೆಂಬರುಗಳು, ಕಿಟಕಿಗಳಿಗೆ ಗಂಡಂದಿರು, ಬಾಗಿಲಿಗೆ ಊರು. ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ಸಾಹೇಬರು ಗಡಿಯಾರ ನೋಡಿ, ಚೀಟಿ ಹಂಚಲು ಇನ್ನೂ ಅರ್ಧ ಗಂಟೆ ಇದೆ ಎಂದರು.

ಸುನಂದಾ ವೈನಿ ಮೂಲೆಯ ಬೆಂಚಿನ ಮೇಲೆ ತಲೆತುಂಬ ಸೆರಗು ಹೊದ್ದು ಕೂತಿದ್ದರು. ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಯ ಮಗಳು. ಅವರ ತಂದೆಯ ಪೇಟೆಯಲ್ಲಿಯೂ ಬಟ್ಟೆಯ ಕೆಳಗೆ ಕೈ ಹಿಡಿದೇ ಚೀಲಗಳು ಮಾರಾಟವಾಗುತ್ತವೆಂದು, ಸಣ್ಣವರಿದ್ದಾಗ ತಂದೆಯ ಪಕ್ಕದಲ್ಲಿ ಕೂತು ತಾವೂ ಅದನ್ನು ಕಲಿತದ್ದಾಗಿ ಒಮ್ಮೆ ಬಾವಿಯ ಹತ್ತಿರ ಹೇಳಿದ್ದರು. ಆ ಮಾತು ಆ ಬೆಳಿಗ್ಗೆ ತಲೆಗೆ ಸ್ನಾನ ಮಾಡುವಾಗ ನನಗೆ ನೆನಪಾಗಿತ್ತು. ಗಂಡಸರ ಕೈ ನಾನು ಹಿಡಿಯುವಂತಿಲ್ಲ. ಹೆಂಗಸಿನ ಕೈ ಹಿಡಿಯಬೇಡ ಎಂದು ಯಾರು ಹೇಳಿದ್ದಾರೆ?

ಹೋಗಿ ಅವರಿಗೆ ಒತ್ತಿ ಕೂತೆ. ಕಿವಿಯಲ್ಲಿ, "ವೈನಿ, ಕುರಿಗೆ ಎಷ್ಟು ಎಕರೆ ಬಿಡ್ತೀರಿ? ಚೀಟಿ ನನ್ನ ಕೈಯಾಗೈತಿ," ಎಂದೆ. ನನ್ನ ಸೆರಗನ್ನು ಇಬ್ಬರ ಕೈಗಳ ಮೇಲೆ ಎಳೆದುಕೊಂಡೆ.

ಕಿಟಕಿಯಲ್ಲಿ ಯಾರೋ, "ಏ, ಅಲ್ನೋಡೋ," ಎಂದರು.

ನಾನು ಇಡೀ ಕೈ ಹಿಡಿದೆ, ಬಿಟ್ಟು ಮತ್ತೆ ನಾಲ್ಕು ಬೆರಳು ಹಿಡಿದೆ. ಒಂಬತ್ತು. ವೈನಿಯ ಬೆರಳುಗಳು ಮಂಜುಗಡ್ಡೆಯಂತೆ ಇದ್ದವು. ಅವರು ಮೂರು ಹಿಡಿದರು. ನಿಮ್ಮ ಅಜ್ಜನ ಮೂರು.

ಸುಮ್ಮನೆ ಕೂತರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ನಾನು ಗಟ್ಟಿಯಾಗಿ ಕೇಳಿದೆ, "ವೈನಿ, ಈ ವರ್ಷ ಉಪ್ಪಿನಕಾಯಿ ಹಾಕಿದ್ರೇನ್ರಿ?"

ವೈನಿ ನನ್ನ ಮುಖ ನೋಡಿದರು. ಕಣ್ಣಿನಲ್ಲಿ ಏನೋ ಹೊತ್ತಿಕೊಂಡಿತು. "ಹಾಕೀನಲ್ಲ," ಎಂದರು. "ಖಾರ ಜರಾ ಜಾಸ್ತಿ ಆಗೇದ."

"ಹಂಗಾದ್ರ ಕಡಿಮಿ ಮಾಡ್ರಿ."

"ಎಷ್ಟಂತ ಕಡಿಮಿ ಮಾಡೂದs? ಮನಿ ಮಂದೀಗೂ ರುಚಿ ಹತ್ತಬೇಕಲ್ಲ."

ನಾನು ಕೈ ಎಳೆದುಕೊಳ್ಳಹೋದೆ. ಹಾಗೆ ಎಳೆದುಕೊಳ್ಳುವುದೆಂದರೆ, ವ್ಯವಹಾರ ಬೇಡ, ಇನ್ನೊಬ್ಬರ ಹತ್ತಿರ ಹೋಗುತ್ತೇನೆ ಎಂದು. ಮಕ್ಕಳೇ, ಅದು ಸುಳ್ಳು. ಹೋಗಲು ನನಗೆ ಜಾಗವೇ ಇರಲಿಲ್ಲ. ಮೂರೇ ಎಂದು ಅವರು ಹಟ ಹಿಡಿದಿದ್ದರೆ ಮೂರಕ್ಕೇ ಚೀಟಿ ಹಾಕುವವಳಿದ್ದೆ. ನನ್ನ ಬಾಯಿ ಎಂದೂ ಸುಳ್ಳು ಹೇಳಲು ಕಲಿಯಲಿಲ್ಲ, ಕೈ ಮಾತ್ರ ಅವತ್ತು ಗಳಿಗೆಯಲ್ಲಿ ಕಲಿಯಿತು.

ವೈನಿ ಕೈ ಬಿಡಲಿಲ್ಲ. ನಾಲ್ಕು ಹಿಡಿದರು. ನಾನು ಅಲುಗಲಿಲ್ಲ. ಇಡೀ ಕೈ ಹಿಡಿದರು. ನಾನು ಅಲುಗಲಿಲ್ಲ. ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿ ಜಿನ್ನಪ್ಪ ಕಾಕಾ ಹುಬ್ಬು ಗಂಟು ಹಾಕಿ, ಏನು ನಡೆದಿದೆ ಎಂದು ತಿಳಿಯದೆ, ಕುತ್ತಿಗೆ ಉದ್ದ ಮಾಡಿ ನಿಂತಿದ್ದರು. ವೈನಿ ದೃಷ್ಟಿ ಕೆಳಗಿಳಿಸಿ ಮತ್ತೊಂದು ಬೆರಳು ಹಿಡಿದರು. ಆರು. ನನ್ನ ಕಿವಿಯ ಹತ್ತಿರ ಬಾಗಿ ಉಸಿರಿನಲ್ಲಿ ಹೇಳಿದರು: "ರಸ್ತೆ ಬಾಜೂದು, ಜಾಲಿ ಇದ್ದ ಮೂರು ನನಗ ಬೇಕ ಬೇಕು. ಅದೂ ಇಲ್ಲಂದ್ರ ನಾ ಮನಿಗೆ ಹ್ಯಾಂಗ ಹೋಗ್ಲಿ?"

ಜಾಲಿ ಎಂದ ಕೂಡಲೆ ಒಂದು ಮುಖ ನನ್ನ ಕಣ್ಣ ಮುಂದೆ ಬಂತು. ಹಟ್ಟಿಯ ತುದಿಯ ಗುಡಿಸಿಲಿನ ಯಲ್ಲವ್ವ. ಗಂಡನಿಲ್ಲದವಳು. ಅವಳಿಗೆ ಕುರಿಯಿರಲಿಲ್ಲ, ಆರು ಆಡು ಇದ್ದವು. ಅವು ವರ್ಷವಿಡೀ ಆ ಜಾಲಿಯ ಕಾಯಿ, ಎಲೆಗಳ ಮೇಲೆಯೇ ಬದುಕುತ್ತಿದ್ದವು. ಮುಖ ಬಂತು, ನಿಂತಿತು. ಸಾಹೇಬರು ಕೆಮ್ಮಿ ಚೀಟಿಯ ಕಟ್ಟು ಕೈಗೆತ್ತಿಕೊಂಡರು.

ನಾನು ವೈನಿಯ ಕೈ ಒತ್ತಿದೆ.

ಆರು ಚೀಟಿ, ಐದು ಚೀಟಿ. ಹೊರಗೆ ಗುಲಾಲು ಹಾರಿತು. ಮೊದಲನೆಯ ಸಭೆಯಲ್ಲಿ ಠರಾವು ಬರೆಯುವಾಗ ಕಿಟಕಿಯಿಂದ ಜಿನ್ನಪ್ಪ ಕಾಕಾ, "ಕುರಿಗೆ ಮೂರು ಅಂತ ಬರಿ," ಎಂದರು. ವೈನಿ ಆ ಕಡೆ ತಿರುಗದೆ, "ಆರು ಬರೀರಿ. ನಾ ಕೈ ಒತ್ತೀನಿ," ಎಂದರು. ಕಾಕಾ ಕಿಟಕಿಯಿಂದ ಹಿಂದೆ ಸರಿದರು. ಕೈ ಒತ್ತಿದ ಮೇಲೆ ಏನು ಹೇಳುವುದು? ಆ ನಿಯಮ ಅವರದೇ.

ನಿಮ್ಮ ಅಜ್ಜ ಅವತ್ತು ಮನೆಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿ, "ಮುಂದಿನ ಸಂತಿಗೆ ನೀನs ಹೋಗು. ನಾ ರೊಟ್ಟಿ ಬಡೀತೇನಿ," ಎಂದರು. ಅಷ್ಟು ದೊಡ್ಡ ಮಾತು ಅವರ ಬಾಯಿಂದ ಅದಕ್ಕೆ ಮೊದಲು ಬಂದಿರಲಿಲ್ಲ. ಹಟ್ಟಿಯವರೆಲ್ಲ ಬಂದು ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು, ಅದರಲ್ಲಿ ಏನೋ ಇದೆಯೆಂಬಂತೆ.

ಇಲ್ಲಿಗೆ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಇಷ್ಟು ಹಾಳೆಗಳನ್ನು ಮೊನ್ನೆ ಮೊಮ್ಮಗಳು ಓದಿ, "ಆಯೀ, ನೀ ಭಾಳ ಶಾಣ್ಯಾಕಿ ಅದೀ," ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳು ಹೋದ ಮೇಲೆ ಹಾಳೆಗಳನ್ನು ಮತ್ತೆ ಬಿಚ್ಚಿ ಕೂತೆ. ಉಳಿದದ್ದನ್ನೂ ಬರೆಯುತ್ತೇನೆ.

ಎರಡು ತಿಂಗಳಿಗೆ ಜಾಲಿ ಮರಗಳನ್ನು ಕಡಿಯಲು ಬಂದರು. ಯಲ್ಲವ್ವ ತನ್ನ ಆಡುಗಳನ್ನು ಹಿಡಿದು ರಸ್ತೆಯ ಬದಿಗೆ ನಿಂತಿದ್ದಳು. ಬಿದ್ದ ಕೊಂಬೆಗಳಿಗೆ ಆಡುಗಳು ಖುಷಿಯಿಂದ ಮುಗಿಬಿದ್ದವು, ಅವಕ್ಕೇನು ಗೊತ್ತು. ನಾನು ಹತ್ತಿರ ಹೋಗಿ, "ಮ್ಯಾಲಿನ ಆರು ಎಕರೆ ಉಳೀತಲ್ಲ, ಯಲ್ಲವ್ವಕ್ಕಾ," ಎಂದೆ.

"ಅದು ಕುರೀದು. ಆಡಿಗೆ ಗಿಡ ಬೇಕು," ಎಂದಳು. "ನನ್ನೂ ಒಂದು ಮಾತ ಕೇಳಬೇಕಿತ್ತವ್ವಾ ನೀ."

"ಗಡಿಬಿಡ್ಯಾಗ ನಿನ್ನ ನೆನಪs ಆಗಲಿಲ್ಲ," ಎಂದೆ.

ಯಲ್ಲವ್ವ ನನ್ನ ಮುಖವನ್ನು ನೋಡಿದಳು. "ಹೋಗ್ಲಿ ಬಿಡು. ನೆನಪಾಗಿದ್ರ ನೀ ಹಂಗ ಮಾಡ್ತಿರಲಿಲ್ಲ," ಎಂದಳು.

ಆ ವರ್ಷ ಅವಳು ಆರೂ ಆಡುಗಳನ್ನು ಮೂಡಲಗಿಯಲ್ಲಿ ಮಾರಿದಳು. ದಲ್ಲಾಳಿ ನಿಮ್ಮ ಅಜ್ಜನೇ. ತಮ್ಮ ಪಾಲು ತೆಗೆದುಕೊಳ್ಳಲಿಲ್ಲ; ಮನೆಗೆ ಬಂದು ಊಟವನ್ನೂ ಮಾಡಲಿಲ್ಲ. ಆಮೇಲೆ ಯಲ್ಲವ್ವ ಕಬ್ಬು ಕಡಿಯುವ ಗುಂಪಿಗೆ ಸೇರಿದಳು. ಹಟ್ಟಿಯಲ್ಲಿ ಆ ಕೆಲಸಕ್ಕೆ ಹೋದವಳು ಅವಳೊಬ್ಬಳೇ.

ಗಂಡ ನನ್ನನ್ನು ಕೇಳದೆ ನನ್ನ ಮತ ಕೊಟ್ಟರೆಂದು ಎರಡು ದಿನ ಗೋಡೆಯ ಜೊತೆ ಜಗಳವಾಡಿದವಳು ನಾನು. ಮೂರನೆಯ ದಿನ ಬಿಟ್ಟು ನಾಲ್ಕನೆಯ ದಿನ, ಕೇಳದೆ ಯಲ್ಲವ್ವನ ಬದುಕು ಕೊಟ್ಟವಳೂ ನಾನೇ. ಅವಳು ಆ ಕೋಣೆಯಲ್ಲಿ ಇರಲಿಲ್ಲ, ಅದೊಂದೇ ಅವಳ ತಪ್ಪು.

ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋದೆ. ಈಗ ಅವಳದು ಶೀಟಿನ ಮನೆ. ಕಣ್ಣು ಮಂಜಾಗಿದೆ. ಬಾಗಿಲಲ್ಲಿ ಕೂತು ಕೊತ್ತಂಬರಿ ಸೋಸುತ್ತಿದ್ದವಳು ಹೆಜ್ಜೆಯ ಸಪ್ಪಳಕ್ಕೇ ನನ್ನ ಗುರುತು ಹಿಡಿದಳು. ಕೂಡುವ ಮೊದಲೇ ಹೇಳಿಬಿಟ್ಟೆ. ಕೂತಿದ್ದರೆ ಬಾಯಿ ಅಂಟುತ್ತಿತ್ತು.

"ಯಲ್ಲವ್ವಕ್ಕಾ, ಅವತ್ತ ಜಾಲಿ ಅಂದಕೂಡ್ಲೆ ನಿನ್ನ ನೆನಪಾಗಿತ್ತು. ನೆನಪಾದ ಮ್ಯಾಲ ಕೈ ಒತ್ತೇನಿ. ನಾ ಸುಳ್ಳ ಹೇಳಿದೆ ನಿನಗ."

ಸೋಸುತ್ತಿದ್ದ ಬೆರಳುಗಳು ನಿಂತವು.

"ಈಗ್ಯಾಕ ಹೇಳಾಕ ಬಂದಿ?"

"ಹೇಳದ ಸಾಯೂದು ಬ್ಯಾಡ ಅಂತ."

"ಅಂದ್ರ ನಿನ್ನ ಹೊರಿ ಇಳಸಾಕ ಬಂದಿ. ನನ್ನ ತಲಿ ಮ್ಯಾಲ." ಕೊತ್ತಂಬರಿಯನ್ನು ಬದಿಗೆ ಸರಿಸಿದಳು. "ಇಷ್ಟ ವರ್ಷ ಆಕಿಗೆ ನೆನಪಾಗಿರಲಿಲ್ಲ ಪಾಪ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಅದನ್ನೂ ಕಸಗೊಂಡಿ."

ನಾನು ನಿಂತೇ ಇದ್ದೆ.

"ಮಾಫ ಮಾಡು ಅಂತ ಕೇಳಬ್ಯಾಡ. ನಾ ಮಾಡಂಗಿಲ್ಲ," ಎಂದಳು.

"ಕೇಳಂಗಿಲ್ಲ."

ಅವಳು ಗೋಡೆ ಹಿಡಿದು ಎದ್ದಳು. ಒಳಗೆ ಹೋಗುತ್ತ, ತಿರುಗಿ ನೋಡದೆ, "ಕುಂದ್ರು. ಚಹಾ ಕುಡದು ಹೋಗು," ಎಂದಳು.

ಕೂತೆ. ಅವಳು ಕೊಟ್ಟಷ್ಟು ಕುಡಿದೆ. ಅದಕ್ಕಿಂತ ಹೆಚ್ಚು ಏನನ್ನೂ ಕೇಳದೆ ಎದ್ದು ಬಂದೆ.